ಥಾರ್ನ್‌ಬಿಯವರ ಮನೆ ಗೃಹಪ್ರವೇಶ

ಹಾಲು ಉಕ್ಕಿಸಿದ್ದು ಸುಹಾಸ, ನಾನಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಆಮೇಲೆ ನಮ್ಮಮ್ಮ ಎಲ್ಲಾ ನನ್ನ ತಲೆಗೇ ಕಟ್ಟಿದರು. ನನ್ನ ಗಂಡನಿಗೆ ಈ ಸ್ವೀಡಿಷ್ ಜನರ ಕಪ್ಪು ಕಾಫಿ ಗಂಟಲಲ್ಲಿ ಇಳಿಯೋದಿಲ್ಲ. ಗೋಥೆನ್‌ಬರ್ಗಿನಲ್ಲಿ ಕಾರು ಮಾಡೋರ ಹತ್ತಿರ ಸಾಫ್ಟ್‌ವೇರ್ ಕೆಲಸ, ಆದರೆ ಆಫೀಸಿಗೆ ಹೋಗಲಿ ಕಾಡಿಗೆ ಹೋಗಲಿ, ಬ್ಯಾಗಿನಲ್ಲಿ ಡಿಕಾಕ್ಷನ್ ಫ್ಲಾಸ್ಕು, ಹಾಲಿನ ಪ್ಯಾಕೆಟ್ಟು, ಒಂದು ಪುಟ್ಟ ಸ್ಪಿರಿಟ್ ಸ್ಟವ್ ಇರಲೇಬೇಕು. ಮದುವೆಯಾದಾಗ ಇದು ಮುದ್ದಾಗಿ ಕಾಣಿಸಿತ್ತು. ಈಗ ಆ ಸ್ಟವ್ ಕಂಡರೆ ಮೈ ಉರಿಯುತ್ತೆ.

ನಾನು ಕುಮುದಾ. ಹಳೇ ಕಟ್ಟಡಗಳನ್ನ ಅಳೆಯೋದು ನನ್ನ ಕೆಲಸ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಲೇಸರ್ ಸ್ಕ್ಯಾನರ್ ಇಟ್ಟರೆ ಅದು ನಿಧಾನವಾಗಿ ಸುತ್ತು ಹೊಡೆದು ಗೋಡೆ, ಕಿಟಕಿ, ಬಿರುಕು ಎಲ್ಲವನ್ನೂ ಕೋಟಿಗಟ್ಟಲೆ ಚುಕ್ಕಿಗಳಾಗಿ ಹಿಡಿದಿಡುತ್ತೆ. ಅದನ್ನ ಕಂಪ್ಯೂಟರಿನಲ್ಲಿ ಜೋಡಿಸಿ ನಕ್ಷೆ ಮಾಡಿಕೊಡ್ತೀನಿ. ಕಲ್ಲು, ಇಟ್ಟಿಗೆ, ಮಿಲಿಮೀಟರು, ಇಷ್ಟೇ ನನ್ನ ಪ್ರಪಂಚ. ದೆವ್ವ ಗಿವ್ವ ನಂಬೋ ಪೈಕಿ ಅಲ್ಲ. ಅಲ್ಲ ಅಂದುಕೊಂಡಿದ್ದೆ.

ನಮ್ಮ ಮಗಳು ಚಿನ್ಮಯಿಗೆ ಐದು ವರ್ಷ. ಪಾಪದ ಕೂಸು ಎರಡು ಹುಟ್ಟುಹಬ್ಬ ಒಂದೇ ಮನೆಯಲ್ಲಿ ಮಾಡಿಕೊಂಡಿದ್ದಿಲ್ಲ. ಈ ಊರಲ್ಲಿ ನಮಗೆ ಸಿಗೋದೆಲ್ಲ ಎರಡನೇ ಕೈ ಬಾಡಿಗೆ. ಯಾರೋ ಒಂದು ವರ್ಷ ಬೇರೆ ಊರಿಗೆ ಹೋಗ್ತಾರೆ, ಅವರ ಸೋಫಾ, ಅವರ ಪರದೆ, ಅವರ ಅಜ್ಜಿ ಫೋಟೋ ಮಧ್ಯೆ ನಾವು ಇರ್ತೀವಿ. ಅವರು ವಾಪಸ್ ಬಂದರೆ ನಾವು ಗಂಟುಮೂಟೆ ಕಟ್ತೀವಿ. ನಾನಂತೂ ಯಾವ ಮನೇಲೂ ಒಂದು ಮೊಳೆ ಹೊಡೆಯೋಕೆ ಬಿಟ್ಟಿಲ್ಲ. 'ನಮ್ಮನೆ' ಅನ್ನೋ ಮಾತೂ ನನ್ನ ಬಾಯಲ್ಲಿ ಬರ್ತಿರಲಿಲ್ಲ, 'ಫ್ಲಾಟು' ಅಂತಿದ್ದೆ. ಬೆಂಗಳೂರಿನಲ್ಲಿ ನನ್ನ ಅಕ್ಕನ ಮಗ ಅರ್ಣವ್‌ನ ಮನೆ ಗೃಹಪ್ರವೇಶ ಆದಾಗ ಚಿನ್ಮಯಿ ಆ ವಿಡಿಯೋನ ತೇಯ್ದುಹೋಗೋ ತನಕ ನೋಡಿದಳು. ಹಾಲು ಉಕ್ಕೋ ಜಾಗಕ್ಕೆ ಬಂದಾಗಲೆಲ್ಲ ಚಪ್ಪಾಳೆ.

"ನಮ್ಮನೇದು ಯಾವಾಗಮ್ಮ?"

"ಸ್ವಂತ ಮನೆ ತಗೊಂಡಾಗ. ಬೇರೆಯವರ ಮನೇಲಿ ಹಾಲು ಉಕ್ಕಿಸಬಾರದು."

ಈ ಮಾತನ್ನ ಅವಳು ಮನಸ್ಸಲ್ಲಿ ಗಟ್ಟಿಯಾಗಿ ಇಟ್ಕೊಂಡಿದ್ದಳು ಅಂತ ನನಗೇನು ಗೊತ್ತು?

ಅಕ್ಟೋಬರಿನಲ್ಲಿ ಒಂದು ಕೊಮ್ಯೂನಿನವರು, ಅಂದರೆ ಅಲ್ಲಿನ ಪುರಸಭೆಯವರು, ನಮ್ಮ ಆಫೀಸಿಗೆ ಕೆಲಸ ಕೊಟ್ಟರು. ನಗರದಿಂದ ಒಂದು ಗಂಟೆ ದಾರಿ, ಸರೋವರದ ದಂಡೆಯ ಕಾಡಿನಲ್ಲಿ ಒಂದು ಪಾಳುಮನೆ. ಇಡೀ ಸುತ್ತಮುತ್ತ ಕೆಂಪು ಬಣ್ಣದ ಮರದ ಮನೆಗಳಾದರೆ ಇದೊಂದು ಮಾತ್ರ ಇಟ್ಟಿಗೆಯ ದೊಡ್ಡ ಬಂಗಲೆ, ಇಂಗ್ಲೆಂಡಿನಿಂದ ಕಿತ್ತು ತಂದು ಇಟ್ಟ ಹಾಗೆ. ಚಳಿಗಾಲಕ್ಕೆ ಗೋಡೆ ಕುಸಿಯೋ ಮುಂಚೆ ಅಳತೆ ಆಗಬೇಕಿತ್ತು. ಶನಿವಾರ, ಬಿಸಿಲು ಬೇರೆ. ಸುಹಾಸ "ನಾವೂ ಬರ್ತೀವಿ, ಪಿಕ್‌ನಿಕ್ ಆಗುತ್ತೆ" ಅಂದ. ಅಲ್ಲಿಂದ ಶುರುವಾಯಿತು ನಮ್ಮ ಗ್ರಹಚಾರ.

ಬೇಲಿಯ ಬೀಗ ತೆಗೆದವಳು ಗುನ್ನೆಲ್. ಎಪ್ಪತ್ತು ದಾಟಿದ ಹೆಂಗಸು, ಆ ಊರಿನ ಇತಿಹಾಸ ಸಂಘದವಳು. ಮನೆ ತೋರಿಸೋದೆಂದರೆ ಅವಳಿಗೆ ಮೊಮ್ಮಗುವನ್ನ ತೋರಿಸಿದಷ್ಟು ಸಂಭ್ರಮ.

ನೂರೈವತ್ತು ವರ್ಷದ ಹಿಂದೆ ರಾಲ್ಫ್ ಥಾರ್ನ್‌ಬಿ ಅನ್ನೋ ಇಂಗ್ಲಿಷ್ ವ್ಯಾಪಾರಿ ಮರ ಕೊಳ್ಳೋಕೆ ಅಂತ ಇಲ್ಲಿಗೆ ಬಂದನಂತೆ. ಅವನ ಹೆಂಡತಿ ಎಲಿನರ್ ಊರು ಬಿಟ್ಟು ಬರಲೊಲ್ಲೆ ಅಂದಳು. ಅವಳು ಹುಟ್ಟಿ ಬೆಳೆದದ್ದು ಮುನ್ನೂರು ವರ್ಷದ ಹಳೇ ಬಂಗಲೆಯಲ್ಲಿ. ಸರಿ, ಅದೇ ಬಂಗಲೆಯನ್ನ ಇಲ್ಲೇ ಕಟ್ಟಿಸ್ತೀನಿ ಅಂತ ಹಟಕ್ಕೆ ಬಿದ್ದ. ಮರ ಹೊತ್ತು ಹೋದ ಹಡಗುಗಳು ವಾಪಸ್ ಬರುವಾಗ ಇಂಗ್ಲೆಂಡಿನ ಇಟ್ಟಿಗೆ ತುಂಬಿಕೊಂಡು ಬಂದವು. ಮೇಲಿಂದ ನೋಡಿದರೆ ಇಂಗ್ಲಿಷಿನ ಇ ಅಕ್ಷರದ ಹಾಗೆ ಮೂರು ಚಾಚು, ನಡುವಿನದು ಮುಂಬಾಗಿಲು. ಒಳಗೆ ಎರಡು ಅಂತಸ್ತಿನ ಎತ್ತರದ ಹಾಲ್, ಅದರ ಒಂದು ಕೊನೆಯಲ್ಲಿ ಹಾಡುವವರಿಗೆ ಅಂತ ಮರದ ಅಟ್ಟ ಇತ್ತಂತೆ. ಈಗ ಅದರ ತೊಲೆ ಕೂರಿಸಿದ ತೂತುಗಳು ಮಾತ್ರ ಗೋಡೆಯಲ್ಲಿ. ಮುಂದಕ್ಕೆ ಉಬ್ಬಿದ ದೊಡ್ಡ ಕಿಟಕಿಗಳಿಗೆ ಕಲ್ಲಿನ ಕಂಬಿ ಉಳಿದಿದೆ, ಗಾಜು ಇಲ್ಲ. ಓಕ್ ಮರದ ಮೆಟ್ಟಿಲು ತಿರುವಿನವರೆಗೆ ಏರಿ ಅಲ್ಲಿಗೇ ನಿಂತುಬಿಟ್ಟಿದೆ. ಥಾರ್ನ್‌ಬಿ ಸತ್ತ ಮೇಲೆ ಸಾಲ ಕೊಟ್ಟವರು ಸೂರಿಗೆ ಹೊದಿಸಿದ್ದ ಸೀಸದ ತಗಡು ಬಿಚ್ಚಿ ಮಾರಿಕೊಂಡರು. ಸೂರು ಹೋದ ಮೇಲೆ ಉದ್ದನೆ ಪಡಸಾಲೆಯಲ್ಲಿ ಬರ್ಚ್ ಮರಗಳು ಎದ್ದವು.

ಮುಂಬಾಗಿಲ ನೆತ್ತಿಯ ಮೇಲೆ ಕಲ್ಲಿನ ಫಲಕ. ಅದರಲ್ಲಿ ಗಂಡ ಹೆಂಡತಿಯ ಹೆಸರಿನ ಮೊದಲಕ್ಷರಗಳು ಹೆಣೆದುಕೊಂಡಿದ್ದವು, ಕೆಳಗೆ ನುಣುಪಾದ ಖಾಲಿ ಜಾಗ.

"ಇಲ್ಲಿ ಇಸವಿ ಯಾಕಿಲ್ಲ?" ಅಂದೆ.

"ಒಕ್ಕಲಾದ ವರ್ಷ ಕೆತ್ತಿಸಬೇಕು ಅಂತಿದ್ದ," ಅಂದಳು ಗುನ್ನೆಲ್. "ಮನೆ ಮುಗೀತು ಅಂತ ಹೆಂಡತಿಗೆ ಹೇಳಿ ಕಳಿಸಿದ. ಅವಳು ಹಡಗು ಹತ್ತಿ ಬಂದಳು. ಇದೇ ಮೆಟ್ಟಿಲ ಮುಂದೆ ಗಾಡಿ ನಿಂತಿತು. ಕಿಟಕಿಯಿಂದ ಮನೆಯನ್ನ ನೋಡಿದಳು. ಗಾಡಿ ಇಳೀಲೇ ಇಲ್ಲ, ಹಾಗೇ ವಾಪಸ್ ಹೊರಟುಹೋದಳು."

"ಯಾಕೆ?"

"ಯಾರಿಗೆ ಗೊತ್ತು? ತನ್ನ ಮನೆಯ ಹಾಗೇ ಇದ್ದು ತನ್ನ ಮನೆಯಲ್ಲದ್ದನ್ನ ಕಂಡು ಹೆದರಿದಳು ಅಂತಾರೆ. ಅವನು ಸಾಯೋ ತನಕ ಗೇಟಿನ ಪಕ್ಕದ ಗುಡಿಸಲಲ್ಲಿ ಇದ್ದ. ಒಂದು ರಾತ್ರಿಯೂ ಇಲ್ಲಿ ಮಲಗಲಿಲ್ಲ. ಅಡುಗೆಮನೆಗೆ ಬನ್ನಿ, ತೋರಿಸ್ತೀನಿ."

ಅಡುಗೆಮನೆಯ ಒಲೆಗೂಡು ಒಂದು ಎತ್ತನ್ನ ನಿಲ್ಲಿಸುವಷ್ಟು ಅಗಲ. ನಾನು ತಲೆ ಬಗ್ಗಿಸಿ ಒಳಹೊಕ್ಕು ಹೊಗೆಗೂಡಿನ ಒಳಗೆ ಟಾರ್ಚು ಬಿಟ್ಟೆ. ಎಷ್ಟೋ ಹಳೇ ಮನೆಗಳ ಹೊಗೆಗೂಡು ನೋಡಿದ್ದೀನಿ, ಎಲ್ಲವೂ ಒಳಗೆ ಕರ್ರಗೆ ಮಸಿ ಹಿಡಿದಿರ್ತವೆ. ಇದರ ಇಟ್ಟಿಗೆ ಮೇಲಿನವರೆಗೂ ಕೆಂಪಗೆ, ನಿನ್ನೆ ಕಟ್ಟಿದ ಹಾಗಿತ್ತು. ಒಂದು ದಿನವೂ ಒಲೆ ಹೊತ್ತಿಲ್ಲ. ಇಷ್ಟು ದೊಡ್ಡ ಮನೆ ಕಟ್ಟಿಸಿ ಒಂದು ಲೋಟ ನೀರೂ ಕಾಯಿಸದೆ ಸತ್ತನಲ್ಲ ಅಂದುಕೊಂಡೆ.

ನಾನು ಹಾಲ್‌ನಲ್ಲಿ ಸ್ಕ್ಯಾನರ್ ಓಡಿಸುತ್ತಿದ್ದಾಗ ಸುಹಾಸ ಗಾಳಿ ತಪ್ಪಿಸೋಕೆ ಅಂತ ತನ್ನ ಸ್ಟವ್‌ನ ಒಯ್ದು ಅದೇ ಒಲೆಗೂಡಿನಲ್ಲಿ ಇಟ್ಟಿದ್ದ. ಫೋನಿನಲ್ಲಿ ದಿಕ್ಕು ನೋಡಿ, "ಕುಮುದಾ, ಆಗ್ನೇಯ ಮೂಲೆ ಕಣೇ! ಇಂಗ್ಲಿಷಿನವನಾದ್ರೂ ವಾಸ್ತು ಪ್ರಕಾರ ಕಟ್ಟಿಸಿದ್ದಾನೆ" ಅಂತ ಕಿರುಚಿದ. ಹೀಗೆ ಮಾತಾಡ್ತಾ ಮೈಮರೆತ. ಹಾಲು ಭುಸ್ ಅಂತ ಉಕ್ಕಿ ಪಾತ್ರೆಯಿಂದ ಇಳಿದು ಕಲ್ಲಿನ ಮೇಲೆ ಹರಿಯಿತು.

"ಪೂರ್ವಕ್ಕೇ ಉಕ್ಕಿದೆ! ಆಯ್ತು ಬಿಡಿ, ಗೃಹಪ್ರವೇಶ ಆಗೇ ಹೋಯ್ತು!" ಅಂದ ನನ್ನ ಗಂಡ ಅನ್ನೋ ಪುಣ್ಯಾತ್ಮ.

ಚಿನ್ಮಯಿ ಚಪ್ಪಾಳೆ ತಟ್ಟಿದಳು. ತಕ್ಷಣ ಆಚೆ ಓಡಿಹೋಗಿ, ಮುಂಬಾಗಿಲ ಹೊಸ್ತಿಲ ಹತ್ತಿರ ನಿಂತು, ವಿಡಿಯೋದಲ್ಲಿ ನೋಡಿದ ಹಾಗೇ ಬಲಗಾಲು ಮೊದಲು ಇಟ್ಟು ಒಳಗೆ ಬಂದಳು. ಆಗ ಹೊಗೆಗೂಡಿನ ಒಳಗಿಂದ ಉಸ್ಸಂತ ಗಾಳಿ ಇಳಿದು ಬಂತು. ಗುನ್ನೆಲ್ ಸೇರಿ ನಾವು ಮೂವರೂ ಕಾಫಿ ಕುಡಿದೆವು, ಚಿನ್ಮಯಿ ಉಳಿದ ಹಾಲು ಕುಡಿದಳು. ಹೊರಡುವಾಗ ಆ ಕಲ್ಲಿನ ಮೇಲೆ ಕೈಯಿಟ್ಟೆ. ಸ್ಟವ್ ಆರಿಸಿ ಎಷ್ಟೋ ಹೊತ್ತಾಗಿತ್ತು, ಆದರೂ ಒಲೆಗೂಡೆಲ್ಲ ಬೆಚ್ಚಗಿತ್ತು.

ಅವತ್ತು ಸಂಜೆ ಫ್ಲಾಟಿನಲ್ಲಿ ಚಿನ್ಮಯಿ ಶೂ ಬಿಚ್ಚಲಿಲ್ಲ. "ಅಮ್ಮ, ಯಾವಾಗ ಹೋಗೋದು, ಹೆಮ್?" ಅಂದಳು. ಹೆಮ್ ಅಂದರೆ ಸ್ವೀಡಿಷ್‌ನಲ್ಲಿ ಮನೆ. ಮಕ್ಕಳಾಟ ಅಂತ ನಕ್ಕು ಸುಮ್ಮನಾದೆ. ಸೋಮವಾರ ದಾಗಿಸ್‌ನ, ಅಂದರೆ ಶಿಶುವಿಹಾರದ, ಟೀಚರ್, "ಹೊಸ ಮನೆಗೆ ಹೋದಿರಂತಲ್ಲ, ಶುಭವಾಗಲಿ" ಅಂದರು. ಆಮೇಲೆ ಊಟ ನಿಂತಿತು. ತಟ್ಟೆ ಮುಂದೆ ಕೂತು, ನೆಂಟರ ಮನೇಲಿ ಸಂಕೋಚಪಡುವವಳ ಹಾಗೆ "ಬೇಡ, ಸಾಕು" ಅನ್ನುತ್ತಿದ್ದಳು.

"ಯಾಕೆ ಚಿನ್ನಾ, ನಿಂಗಿಷ್ಟದ ಅನ್ನ ಸಾರು."

"ಇದು ಬೇರೆಯವರ ಮನೆ ಅಲ್ವಾ? ನಮ್ಮನೇಗೆ ಹೋಗಿ ಊಟ ಮಾಡ್ತೀನಿ. ಅಂಕಲ್ ಕಾಯ್ತಿರ್ತಾರೆ."

"ಯಾವ ಅಂಕಲ್?"

"ಬಾಗಿಲ ಹತ್ತಿರ ಇದ್ರಲ್ಲ."

ಅವತ್ತು ಅಲ್ಲಿ ನಮ್ಮನ್ನ, ಗುನ್ನೆಲ್‌ನ ಬಿಟ್ಟರೆ ಯಾರೂ ಇರಲಿಲ್ಲ. ಆದರೂ ಕಂಪ್ಯೂಟರ್ ಮುಂದೆ ಕೂತು ಶನಿವಾರದ ಚುಕ್ಕಿಗಳನ್ನ ಜೋಡಿಸಿದೆ. ಸ್ಕ್ಯಾನರ್ ಸುತ್ತುವಾಗ ಯಾರಾದರೂ ನಡೆದು ಹೋದರೆ ಚೂರುಚೂರಾದ ನೆರಳಿನ ಹಾಗೆ ಬೀಳ್ತಾರೆ, ಒಂದು ಕೈ, ಅರ್ಧ ಬೆನ್ನು. ಅವನ್ನ ನಾವು ಅಳಿಸಿಹಾಕ್ತೀವಿ. ಆದರೆ ಮುಂಬಾಗಿಲ ಹೊಸ್ತಿಲ ಆಚೆ ಒಬ್ಬ ಮನುಷ್ಯ ಇಡಿಯಾಗಿ ಇದ್ದ. ಎತ್ತರದ ಟೋಪಿ, ಉದ್ದ ಕೋಟು, ಎದೆಯ ಮೇಲೆ ಕೈಕಟ್ಟು. ಸ್ಕ್ಯಾನರ್ ಒಂದು ಸುತ್ತು ಮುಗಿಸೋವರೆಗೂ ಕೂದಲಷ್ಟೂ ಅಲುಗಾಡದೆ ನಿಂತರೆ ಮಾತ್ರ ಮನುಷ್ಯ ಹಾಗೆ ಮೂಡೋದು. ಅಷ್ಟು ಹೊತ್ತು ಆ ಬಾಗಿಲಲ್ಲಿ ಯಾರೂ ಇರಲಿಲ್ಲ, ನಾನೇ ಎದುರಿಗೆ ನಿಂತಿದ್ದೆ.

ಅಳಿಸಿಹಾಕಿದೆ. ಯಂತ್ರದ ದೋಷ ಅಂತ ನನಗೆ ನಾನೇ ಹೇಳಿಕೊಂಡೆ. ಆ ವಾರ ಅಡುಗೆಮನೆಯ ಅಳತೆಗೆ ಒಬ್ಬಳೇ ಹೋದೆ. ಚಿನ್ಮಯಿ ದಾಗಿಸ್‌ನಲ್ಲಿದ್ದಳು. ಸಂಜೆ ಆ ಸ್ಕ್ಯಾನ್ ತೆರೆದೆ. ಅವನು ಈಗ ಒಳಗೆ ಬಂದಿದ್ದ. ಒಲೆಗೂಡಿನ ಪಕ್ಕ ನಿಂತು ಬೆಂಕಿ ಕಾಯಿಸಿಕೊಳ್ಳುವ ಹಾಗೆ ಅಂಗೈ ಚಾಚಿದ್ದ. ಅವನ ಇನ್ನೊಂದು ಕೈ ಹಿಡಿದುಕೊಂಡು, ಅವನ ಸೊಂಟದೆತ್ತರಕ್ಕೆ, ಎರಡು ಜುಟ್ಟಿನ ಒಂದು ಮಗು. ಆ ಜುಟ್ಟು ಅವತ್ತು ಬೆಳಿಗ್ಗೆ ನಾನೇ ಹಾಕಿದ್ದು.

ಡಾಕ್ಟರ್ ರಕ್ತ ಪರೀಕ್ಷೆ ಮಾಡಿ ಏನೂ ಇಲ್ಲ ಅಂದರು. ನನ್ನ ಮಗಳ ಕೆನ್ನೆ ಇಳಿದುಹೋಗಿತ್ತು, ರಾತ್ರಿ ಎತ್ತಿಕೊಂಡರೆ ಹಗುರ. ಬೆಳಿಗ್ಗೆ ಎದ್ದವಳೇ ಬ್ಯಾಗು ಹೆಗಲಿಗೇರಿಸಿ ಬಾಗಿಲ ಹತ್ತಿರ ಕೂರೋಳು. ದಿನಕ್ಕಿಷ್ಟು ಅಂತ ನನ್ನ ಕೈ ಬಿಟ್ಟು ಜಾರುತ್ತಿದ್ದಾಳೆ ಅನ್ನಿಸಿ ಬಾತ್‌ರೂಮಿನ ನಲ್ಲಿ ಬಿಟ್ಟು ಅತ್ತೆ. ಕೊನೆಗೆ ಬೆಂಗಳೂರಿಗೆ, ನಮ್ಮಮ್ಮ ಲೀಲಾವತಿಗೆ, ಫೋನ್ ಮಾಡಿ ಎಲ್ಲಾ ಹೇಳಿದೆ. ಹೆದರಿ ಕೂಗಾಡ್ತಾರೆ ಅಂದುಕೊಂಡಿದ್ದೆ. ಅಮ್ಮನಿಗೆ ದೆವ್ವದ ಬಗ್ಗೆ ಒಂದಿಷ್ಟೂ ಆಶ್ಚರ್ಯ ಆಗಲಿಲ್ಲ. ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ.

"ಅಲ್ಲ ಕಣೇ, ಯಜಮಾನರು ಬಾಗಿಲಲ್ಲಿ ನಿಂತಿದ್ದಾರೆ, ಅವರ ಒಲೇಲಿ ಹಾಲು ಉಕ್ಕಿಸಿದ್ದೀರಾ, ಅವರಿಗೆ ಒಂದು ತೊಟ್ಟು ಕೊಡದೆ ನೀವೇ ಕುಡಿದು ಎದ್ದು ಬಂದ್ರಾ? ಅಯ್ಯೋ ರಾಮ! ನಾಚಿಕೆ ಆಗಲ್ವಾ?"

"ಅಮ್ಮಾ, ನನಗೆ ಅವನು ಕಾಣಿಸಲಿಲ್ಲ!"

"ಹಾಲು ಯಾರು ಉಕ್ಕಿಸಿ ಕುಡೀತಾರೋ ಆ ಮನೆ ಅವರದು. ನೀವು ಆ ಮನೆಯವರಾಗಿಬಿಟ್ರಿ. ಆ ಮನುಷ್ಯ ಏನು ಮಾಡ್ತಾನೆ ಪಾಪ, ನಮ್ಮನೇ ಮಗು ಅಂತ ಕರೀತಾನೆ. ಹೋಗು, ಅವರ ಹಾಲು ಅವರಿಗೆ ಕೊಡು. ನೀವು ನೆಂಟರು. ನೆಂಟರು ಉಂಡು ಎದ್ದು ಬರ್ತಾರೆ."

ಇದು ಯಾವ ಶಾಸ್ತ್ರದಲ್ಲಿದೆಯೋ ನನಗೆ ಗೊತ್ತಿಲ್ಲ. ಮುಳುಗೋಳಿಗೆ ಅದನ್ನೆಲ್ಲ ಕೇಳೋ ವ್ಯವಧಾನ ಎಲ್ಲಿ? ಮರುದಿನವೇ ರಜೆ ಹಾಕಿ ಮೂವರೂ ಹೊರಟೆವು. ನವೆಂಬರ್ ಬಂದಾಗಿತ್ತು, ಮಧ್ಯಾಹ್ನವೇ ಮುಸ್ಸಂಜೆಯ ಹಾಗೆ ಮಂಕು. ಗುನ್ನೆಲ್ ಬೀಗ ತೆಗೆದು, ಮಗುವಿನ ಮುಖ ನೋಡಿ ಏನೂ ಕೇಳದೆ ಕಾರಿನಲ್ಲೇ ಕೂತಳು. ಚಿನ್ಮಯಿ ನನ್ನ ಕೈ ಕೊಸರಿಕೊಂಡು ಓಡಿದಳು. "ಹೆಮ್ಮಾ!", ಅಂದರೆ ಮನೇಲಿದ್ದೀನಿ, ಅಂತ ಕೂಗಿದ್ದು ಆ ಸೂರಿಲ್ಲದ ಹಾಲ್‌ನಲ್ಲಿ ಸುತ್ತಿ ಸುತ್ತಿ ಕೇಳಿಸಿತು.

ಅಡುಗೆಮನೆಗೆ ಹೋದಾಗ ಅವಳು ಒಲೆಗೂಡಿನ ಒಳಗೆ, ಆ ಕೆಂಪು ಇಟ್ಟಿಗೆಗೆ ಒರಗಿ ಕೂತಿದ್ದಳು. ಆಚೆ ಹಿಮ ಬೀಳೋ ಚಳಿ, ಒಳಗೆ ಬಿಸಿ ಬಿಸಿ ಗಾಳಿ. ಅವಳ ಒಂದು ಕೈ ಮೇಲಕ್ಕೆ ಚಾಚಿ, ಯಾರೋ ಹಿಡಿದುಕೊಂಡ ಹಾಗೆ ಗಾಳಿಯಲ್ಲೇ ನಿಂತಿತ್ತು. ಸುಹಾಸ ಹೋಗಿ ಎತ್ತಲು ನೋಡಿದ. ಎತ್ತಲಾಗಲಿಲ್ಲ. ಹಿಂದಿನ ರಾತ್ರಿ ಹೂವಿನಷ್ಟು ಹಗುರಾಗಿದ್ದ ಮಗು, ಬೆವರು ಸುರಿಸಿದರೂ ಅಲುಗಲಿಲ್ಲ.

ನನಗೆ ಹೆದರಿಕೆ ಆಗಿತ್ತು, ಸುಳ್ಳು ಹೇಳಲ್ಲ. ಆದರೆ ಹೆದರಿಕೆಗಿಂತ ಸಿಟ್ಟು ಮೊದಲು ಬಾಯಿಗೆ ಬಂತು.

"ಏನ್ರೀ ಥಾರ್ನ್‌ಬಿ!" ಅಂದೆ, ಅಪ್ಪಟ ಕನ್ನಡದಲ್ಲಿ. "ನಿಮ್ಮ ಹೆಂಡತಿ ಗಾಡಿ ಇಳೀಲಿಲ್ಲ ಅಂತ ನನ್ನ ಮಗಳನ್ನ ಇಟ್ಕೊಳ್ತೀರಾ? ಮನೆ ಕಟ್ಟಿಸೋಕೆ ಬಂತು, ಒಂದು ದಿನ ಒಳಗೆ ಬಂದು ಒಲೆ ಹಚ್ಚೋಕೆ ನಿಮಗೇನಾಗಿತ್ತು ಧಾಡಿ? ಹೆಂಡತಿ ಬಂದ ಮೇಲೆ ಅಂತ ಕೂತ್ರಿ. ಎಲ್ಲಾ ಸರಿಹೋದ ಮೇಲೆ ಬದುಕ್ತೀನಿ ಅಂತ ಕೂತ್ರೆ ಹೀಗೇ ಆಗೋದು!"

ಅಂದವಳು ಅಲ್ಲೇ ನಿಂತುಬಿಟ್ಟೆ. ಆ ಮಾತು ಗೋಡೆಗೆ ಬಡಿದು ನನ್ನ ಮುಖಕ್ಕೇ ಬಂತು. ಒಂದು ಮೊಳೆ ಹೊಡೆಯದೆ, ಒಂದು ಲೋಟ ಹಾಲು ಉಕ್ಕಿಸದೆ ವರ್ಷಗಟ್ಟಲೆ ಕಾಯ್ತಾ ಇದ್ದವಳು ನಾನೂ ತಾನೇ. ನನ್ನ ಮಗಳು ಇವನ ಮನೆಗೆ ಯಾಕೆ ಬಂದು ಕೂತಳು ಅಂತ ಆಗ ಗೊತ್ತಾಯಿತು.

ಸ್ಟವ್ ಹಚ್ಚಿದೆ. ಬೆಂಕಿಕಡ್ಡಿ ಎರಡು ಸಲ ಆರಿತು. ಈ ಸಲ ಕಣ್ಣು ತೆಗೆಯದೆ ಹಾಲಿನ ಮುಂದೆ ಕೂತೆ. ಉಕ್ಕಿತು. ಮೊದಲ ಲೋಟ ತುಂಬಿಸಿ ಕಲ್ಲಿನ ಮೇಲೆ ಇಟ್ಟು, ಈಗ ಮೆತ್ತಗೆ ಹೇಳಿದೆ: "ಇದು ನಿಮ್ಮ ಮನೆ, ನಿಮ್ಮ ಒಲೆ. ಮೊದಲು ನೀವು ತಗೊಳ್ಳಿ. ನಾವು ನಿಮ್ಮ ಗೃಹಪ್ರವೇಶಕ್ಕೆ ಬಂದ ನೆಂಟರು. ಮನೆ ತುಂಬಾ ಚೆನ್ನಾಗಿದೆ."

ಕಡೇ ಮಾತು ನಿಜವಾಗಿ ಹೇಳಿದ್ದು. ನೂರೈವತ್ತು ವರ್ಷದಲ್ಲಿ ಅದನ್ನ ಅವನಿಗೆ ಯಾರಾದರೂ ಹೇಳಿದ್ದರೋ ಇಲ್ಲವೋ.

ಲೋಟದಿಂದ ಏಳುತ್ತಿದ್ದ ಹಬೆ ಒಮ್ಮೆ ನಿಂತಿತು. ಆಮೇಲೆ ಹೊಗೆಗೂಡು ಅದನ್ನ ಎಳೆದುಕೊಂಡಿತು. ಮೇಲೆ ಎಲ್ಲೋ, ಮೆಟ್ಟಿಲು ಮುರಿದು ನಿಂತಿದ್ದ ಕಡೆಯಿಂದ, ಒಬ್ಬ ಮನುಷ್ಯ ಬೂಟು ಕಳಚಿಟ್ಟ ಹಾಗೆ ಎರಡು ಸದ್ದಾಯಿತು, ಒಂದಾದ ಮೇಲೊಂದು. ಚಿನ್ಮಯಿಯ ಕೈ ತೊಪ್ಪನೆ ಮಡಿಲಿಗೆ ಬಿತ್ತು. "ಅಮ್ಮಾ, ಹಸಿವು," ಅಂದಳು. ಅವಳಿಗೂ ಹಾಲು ಕೊಟ್ಟೆ, ನಾವಿಬ್ಬರೂ ಕುಡಿದೆವು. ಎತ್ತಿಕೊಂಡರೆ ಬಂದಳು. ಹೊರಡುವಾಗ ಬಾಗಿಲಲ್ಲಿ ಅವಳು ನನ್ನ ಹೆಗಲ ಮೇಲಿಂದ ಹಿಂದಕ್ಕೆ ನೋಡಿ ಏನೋ ಪಿಸುಗುಟ್ಟಿದಳು. ನನಗೆ ಕೇಳಿಸಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ.

ಕಾರಿನಲ್ಲಿ ಬಾಳೆಹಣ್ಣು, ಬಿಸ್ಕೆಟ್ಟು, ಗುನ್ನೆಲ್ ಕೊಟ್ಟ ಬನ್ನು ಎಲ್ಲಾ ತಿಂದಳು. ನಾನು ಕಿಟಕಿ ಕಡೆ ಮುಖ ಮಾಡಿ ಅತ್ತೆ. ಊರು ಹತ್ತಿರ ಬಂದಾಗ ಅವಳು ಕೇಳಿದಳು, "ಹಾಗಾದ್ರೆ ನಮ್ಮನೆ ಯಾವ್ದಮ್ಮ?"

ಮುಂದಿನ ಬೇಸಿಗೆಗೆ ಆ ಫ್ಲಾಟಿನವರು ವಾಪಸ್ ಬರ್ತಾರೆ ಅಂತ ನನಗೂ ಗೊತ್ತು, ಸುಹಾಸನಿಗೂ ಗೊತ್ತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. "ದಾರೀಲಿ ಒಂದು ಹಾಲಿನ ಪ್ಯಾಕೆಟ್ ತಗೋ," ಅಂದೆ.

ನಾಲ್ಕನೇ ಮಹಡಿಯ ಆ ಅಡುಗೆಮನೆಯಲ್ಲಿ, ಯಾರದೋ ಗಾಜಿನ ಸ್ಟವ್ ಮೇಲೆ, ಯಾರದೋ ಅಜ್ಜಿಯ ಫೋಟೋ ಎದುರಿಗೆ ಹಾಲಿಟ್ಟೆ. ಉಕ್ಕಿ ಸ್ಟವ್ ತುಂಬಾ ಹರಿದು ಸುಟ್ಟು ಹೊಗೆಯೆದ್ದಿತು. ಫೈರ್ ಅಲಾರಂ ಬಾಯಿ ಬಡಿದುಕೊಂಡಿತು, ಸುಹಾಸ ಕುರ್ಚಿ ಹತ್ತಿ ಟವೆಲ್ ಬೀಸಿದ. ನಾನು ಎಷ್ಟೋ ದಿನದ ಮೇಲೆ ಬಿದ್ದು ಬಿದ್ದು ನಕ್ಕೆ. ಅಲಾರಂ ನಿಂತಾಗ ತಣ್ಣನೆ ಗಾಳಿ ಬಂತು. ಚಿನ್ಮಯಿ ಮುಂಬಾಗಿಲನ್ನ ಹಾರುಹೊಡೆದು ನಿಂತಿದ್ದಳು.

"ಬಾಗಿಲು ಯಾಕೆ ತೆಗೆದೆ ಪುಟ್ಟೀ?"

"ಅಂಕಲ್ ಬರಬೇಕಲ್ಲ. ಅವರ ಮನೇದಕ್ಕೆ ನಾವು ಹೋಗಿದ್ವಿ, ನಮ್ಮನೇದಕ್ಕೆ ಅವರನ್ನ ಕರೀಬೇಡ್ವಾ? ಆಗಲೇ ಹೇಳಿ ಬಂದಿದ್ದೀನಿ."

ನಮ್ಮ ಕಟ್ಟಡದ ಮೆಟ್ಟಿಲ ದೀಪಗಳು ಯಾರಾದರೂ ನಡೆದರೆ ಮಾತ್ರ ಹತ್ತಿಕೊಳ್ತವೆ. ಹೊಸ್ತಿಲ ಒಳಗೇ ನಿಂತು ಕಂಬಿಯ ಸಂದಿಯಿಂದ ಕೆಳಗೆ ನೋಡಿದೆ. ಬುಡದ ದೀಪ ಹತ್ತಿತು. ಹೆಜ್ಜೆ ಸದ್ದಿಲ್ಲ. ಅದರ ಮೇಲಿನದು ಹತ್ತಿತು. ಒದ್ದೆ ಎಲೆಯ ವಾಸನೆ ಮೇಲಕ್ಕೆ ಬಂತು. ಇನ್ನೊಂದು. ಕಡೆಗೆ ನಮ್ಮ ಬಾಗಿಲ ಮುಂದಿನ ದೀಪ ಹತ್ತಿಕೊಂಡು, ಯಾರೂ ಇಲ್ಲದ ಕಾಲೊರಸಿನ ಮೇಲೆ ಬೆಳಕು ಬಿತ್ತು. ಹೊಸ್ತಿಲ ಆಚೆಗೇ ನಿಂತಿತ್ತು ಆ ಚಳಿ, ಒಳಗೆ ಬರಲಿಲ್ಲ.

ಸುಹಾಸ ಹಿಂದಿನಿಂದ "ಬಾಗಿಲು ಹಾಕೇ" ಅಂತ ಪಿಸುಗುಟ್ಟಿದ. ನನ್ನ ಕೈ ಚಿಲಕದ ಮೇಲೇ ಇತ್ತು. ಬಾಗಿಲವರೆಗೆ ಬಂದವರು ಒಳಗೆ ಕಾಲಿಡದೆ ಹೋದರೆ ಒಂದು ಮನೆ ಏನಾಗುತ್ತೆ ಅನ್ನೋದನ್ನ ನಾನು ಮಿಲಿಮೀಟರ್ ಬಿಡದೆ ಅಳೆದು ಬಂದಿದ್ದೆ. ಬಾಗಿಲನ್ನ ಇನ್ನಷ್ಟು ಅಗಲ ಮಾಡಿ ಪಕ್ಕಕ್ಕೆ ಸರಿದೆ.

"ಬನ್ನಿ, ನಮ್ಮನೆ ಇದು," ಅಂದೆ. "ಹಾಲು ಕುಡಿದೇ ಹೋಗಬೇಕು." ಆಮೇಲೆ ಸುಹಾಸನಿಗೆ ಇನ್ನೊಂದು ಲೋಟ ತರೋಕೆ ಹೇಳಿದೆ.